ನನ್ನ ಲೈಸೆನ್ಸಿನ ಜಾತಕ

ನೆಟ್ಟಗೆ ಬದುಕಿದವನನ್ನೇ ಹಿಡಿದು ಕಾಗದ ಕೇಳುವುದು ಈ ಲೋಕದ ಚಾಳಿ. ನನಗಂತೂ ವರ್ಷಕ್ಕೊಂದಾದರೂ ಇಂಥದ್ದು ಗಂಟುಬೀಳುತ್ತದೆ. ಗುಂಡ್ಲುಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಸ್ಕೂಲ್ ವ್ಯಾನ್ ಓಡಿಸಿಕೊಂಡು ಬಂದವನು ನಾನು. ಒಂದು ಕೋಳಿಮರಿಯನ್ನೂ ತುಳಿದಿಲ್ಲ. ಈ ಸಲ ಇನ್ಶೂರೆನ್ಸ್ ಏಜೆಂಟು ನಮ್ಮ ಓನರ್ ಕಿವಿಯಲ್ಲಿ ಊದಿದ: "ಡ್ರೈವರ್ ಲೈಸೆನ್ಸಿನ ಹಿಸ್ಟರಿ ಕೊಡಿ. ಚೊಕ್ಕವಾಗಿದ್ರೆ ಕಮ್ಮಿ ರೇಟು ಹಾಕಿಸ್ತೀನಿ."

ಓನರ್ ನನ್ನನ್ನು ಕರೆದರು. "ಶನಿವಾರದೊಳಗೆ ತಂದ್ರೆ ವ್ಯಾನು ನಿನ್ ಕೈಲೇ ಇರ್ತದೆ. ಇಲ್ಲಾಂದ್ರೆ ನನ್ ಬಾಮೈದ ಓಡಿಸ್ತನೆ ಬುಡು."

ಇಪ್ಪತ್ತು ವರ್ಷದ ಅನ್ನಕ್ಕೆ ನಾಲ್ಕು ದಿನದ ವಾಯಿದೆ.

೧. ಅತ್ತೆಯ ಗುಟ್ಟು

ಚಾಮರಾಜನಗರದ ಕಂಪ್ಯೂಟರ್ ಅಂಗಡಿಯವನು ಲೈಸೆನ್ಸ್ ನಂಬರ್ ಒತ್ತಿ, "ಓಟಿಪಿ ಹೇಳಿ" ಅಂದ. ಅದು ಹೋಗಿದ್ದು ನನ್ನ ಹಳೇ ನಂಬರಿಗೆ. ಆ ಸಿಮ್ಮು, ಫೋನು ಎರಡನ್ನೂ ಉಡಿಗಾಲದ ನಮ್ಮತ್ತೆಗೆ ಕೊಟ್ಟು ದೊಡ್ಡ ಮನುಷ್ಯ ಅನ್ನಿಸಿಕೊಂಡಿದ್ದೆ. ಫೋನ್ ಮಾಡಿದೆ.

"ಅತ್ತೆ, ಮೆಸೇಜಲ್ಲಿ ಆರು ನಂಬರ್ ಬಂದದೆ, ಓದಿ."

"ಬಂದದೆ. ಓದಕಿಲ್ಲ ಕಣಪ್ಪ."

"ಅಯ್ಯೋ, ನಾನು ನಿಮ್ಮ ಅಳಿಯ ಅತ್ತೆ!"

"ಹೆತ್ತ ಮಗನ್ಗೂ ಹೇಳ್ಬ್ಯಾಡಿ ಅಂದವ್ರೆ ಬ್ಯಾಂಕ್ನೋರು. ನೀವು ಬರೀ ಅಳಿಯ."

೨. ರಾಜಿಯಾಗದ ಕೇಸು

ಬೈಕ್ ಹತ್ತಿ ಉಡಿಗಾಲಕ್ಕೇ ಹೋಗಿ, ಅತ್ತೆ ಎದುರು ಕೂತು, ಓಟಿಪಿ ಮತ್ತೆ ತರಿಸಿ, ಅಂಗಡಿಯವನಿಗೆ ಫೋನಲ್ಲೇ ಓದಿ ಹೇಳಿ ಹಿಸ್ಟರಿ ತೆಗೆಸಿದೆ. ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ. ಏಜೆಂಟು ಅದನ್ನು ಹಿಂದೆ ಮುಂದೆ ತಿರುಗಿಸಿ, "ಸಾಲದು. ಆಕ್ಸಿಡೆಂಟ್ ಕೇಸ್ ಇಲ್ಲ ಅಂತ ಸ್ಟೇಷನ್ನಲ್ಲಿ ಬರೆಸ್ಕೊಂಡು ಬನ್ನಿ" ಅಂದ.

ಎದೆಯುಬ್ಬಿಸಿಕೊಂಡು ಹೋದೆ. ಪೊಲೀಸಪ್ಪ ಕಂಪ್ಯೂಟರ್ ನೋಡಿ, "ಒಂದದಲ್ಲಯ್ಯ" ಅಂದ.

ಆಗ ನೆನಪಾಯಿತು. ಹೋದ ವರ್ಷ ಮದುವೆ ಟ್ರಿಪ್ ಮುಗಿಸಿ ಸತ್ಯಮಂಗಲದಿಂದ ಬರುವಾಗ, ಪುಣಜನೂರು ದಾಟಿ ನಿಲ್ಲಿಸಿದ್ದ ವ್ಯಾನಿಗೆ ಆನೆ ಬಂದು ಗುದ್ದಿತ್ತು. ನಮ್ಮ ಕಡೆ ಯಾರೂ ಸ್ಟೇಷನ್ ಮೆಟ್ಟಿಲು ಹತ್ತುವುದಿಲ್ಲ. ಗುದ್ದಿದವನೂ ಗುದ್ದಿಸಿಕೊಂಡವನೂ ಟೀ ಅಂಗಡಿಯಲ್ಲಿ ಕೂತು, ರಾಜಿ ಕಾಗದ ಬರೆದು, ಟೀ ಕುಡಿದು ಎದ್ದುಹೋಗುತ್ತಾರೆ. ಆವತ್ತು ಪರಿಹಾರದ ಆಸೆಗೆ ನನ್ನನ್ನು ಸ್ಟೇಷನ್ನಿಗೆ ಅಟ್ಟಿದವರು ಇದೇ ಓನರ್. ಪರಿಹಾರ ಬರಲಿಲ್ಲ, ಕೇಸು ಮಾತ್ರ ಉಳಿಯಿತು. ಇಡೀ ತಾಲ್ಲೂಕಿನಲ್ಲಿ ರಾಜಿಗೆ ಬಾರದ ಪಾರ್ಟಿ ಸಿಕ್ಕಿದ್ದು ನನಗೊಬ್ಬನಿಗೇ.

೩. ಎದುರು ಪಾರ್ಟಿ

ಏಜೆಂಟಿಗೆ ಇದೆಲ್ಲ ಬಿಡಿಸಿ ಹೇಳಿದೆ. ಅವನು ಫಾರಂನಿಂದ ತಲೆ ಎತ್ತಲಿಲ್ಲ.

"ತೊಂದ್ರೆ ಇಲ್ಲ. ಎದುರು ಪಾರ್ಟಿಯಿಂದ ಒಂದು ಒಪ್ಪಿಗೆ ಪತ್ರ ತನ್ನಿ."

"ಸ್ವಾಮಿ, ಎದುರು ಪಾರ್ಟಿ ಆನೆ."

"ಸರಿ, ಅದರ ಕಡೆಯೋರು ಯಾರಾದ್ರೂ ಇರ್ತಾರಲ್ಲ?"

ಮಾನ ಮರ್ಯಾದೆ ಬಿಟ್ಟು ಫಾರೆಸ್ಟ್ ಗಾರ್ಡ್ ಒಬ್ಬನನ್ನು ಹುಡುಕಿಕೊಂಡು ಹೋದೆ. ಅವನು ನಗಲೂ ಇಲ್ಲ. "ಯಾವಾನೆ? ಗುರುತು ಹೇಳು" ಅಂದ.

"ಎಡಗಡೆ ದಂತ ಮುರಿದದೆ."

"ಓ, ಅದಾ! ತಿಂಗಳಾಯ್ತು ಕಣ್ಲಾ, ತಮಿಳ್ನಾಡಿಗೆ ಓಗ್ಬುಟ್ಟದೆ. ಅಲ್ಲಿ ಕೇಳು ಓಗು."

೪. ಬಾಮೈದನ ಹಿಸ್ಟರಿ

ಶನಿವಾರ ಬಂದೇಬಂತು. ಕೀ ಒಪ್ಪಿಸಲು ಓನರ್ ಮನೆಗೆ ಹೋದೆ. ಬಾಮೈದನ ಕಾಗದ ಟೇಬಲ್ ಮೇಲಿತ್ತು, ತೊಳೆದ ತಟ್ಟೆಯ ಹಾಗೆ. ಈ ಮಹಾರಾಯ ಎರಡು ಮೇಕೆ, ಒಂದು ಎಳನೀರು ಗಾಡಿ, ಒಬ್ಬರು ಮೇಷ್ಟ್ರ ಸ್ಕೂಟರು ಇಷ್ಟನ್ನೂ ಗುದ್ದಿದವನು. ಎಲ್ಲವೂ ಟೀ ಅಂಗಡಿಯಲ್ಲೇ ರಾಜಿ. ನನಗಿಂತ ಅವನಿಗೆ ಕಮ್ಮಿ ರೇಟಂತೆ. ಆ ಕಾಗದದ ಪಕ್ಕದಲ್ಲೇ ಕೀ ಇಟ್ಟೆ. ಆ ವ್ಯಾನಿನಲ್ಲಿ ಕೂತು ಹೋದ ಮಕ್ಕಳು ಈಗ ತಮ್ಮ ಮಕ್ಕಳನ್ನು ಹತ್ತಿಸುತ್ತಿದ್ದರು.

ಬಾಮೈದ ಸೀಟಿಗೆ ಏರಿ, ಹಿಂದೆ ನೋಡದೆ ರಿವರ್ಸ್ ಎಳೆದ. ಗೇಟಿನ ಹತ್ತಿರ ನಿಲ್ಲಿಸಿದ್ದ ನನ್ನ ಬೈಕು ಚಪ್ಪಟೆಯಾಯಿತು.

"ನಾನು ಈಗ್ಲೇ ಸ್ಟೇಷನ್ನಿಗೆ ಓಯ್ತೀನಿ!" ಅಂತ ಅರಚಿದೆ.

ಓನರ್ ಓಡಿಬಂದು ನನ್ನ ಹೆಗಲ ಮೇಲೆ ಕೈ ಹಾಕಿದರು. ಆ ಮುಖದಲ್ಲಿ ನಿಜವಾದ ಕನಿಕರವಿತ್ತು.

"ಬ್ಯಾಡ ಕಣ್ಲಾ, ಮಾತು ಕೇಳು. ನಿನ್ ಹೆಸರಲ್ಲಿ ಆಗ್ಲೇ ಒಂದದೆ. ಕಂಪ್ಲೇಂಟ್ ಕೊಟ್ರೆ ಎರಡಾಯ್ತದೆ."