ಕೆರೆ ಏರಿಯ ಗೋಡೆಯೂ ನಮ್ಮ ಶಾಸಕರ ಭಾಷಣವೂ

ಶಾಸಕರ ಆಪ್ತ ಸಹಾಯಕನಾದವನು ಕೆಲಸದ ಹೊತ್ತಿನಲ್ಲಿ ನಗಬಾರದು ಎಂಬುದು ನನ್ನ ತತ್ವ. ಆದರೆ ನಗಿಸುವ ಪ್ರಸಂಗಗಳಿಗೆ ನನ್ನ ತತ್ವದ ಮೇಲೆ ಎಳ್ಳಷ್ಟೂ ಗೌರವವಿಲ್ಲ. ಅಪಾಯಿಂಟ್‌ಮೆಂಟ್ ಕೂಡ ಕೇಳದೆ ಬಂದುಬಿಡುತ್ತವೆ.

ನಾನು ಕಾನ್ವೆಂಟಿನಲ್ಲಿ ಓದಿದವನು. ಹತ್ತು ಗಂಟೆ ಎಂದರೆ ನನಗೆ ಹತ್ತು ಗಂಟೆ. ನಮ್ಮ ಸಾಹೇಬರಿಗೆ ಅದು ಸ್ನಾನಕ್ಕೆ ಏಳುವ ಹೊತ್ತು. ಅವರು ತುಮಕೂರಿನ ಕಡೆಯ ಶಾಸಕರು, ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಎನ್ನದವರು. ಮೈಕಿಗಂತೂ ಇಲ್ಲ ಎಂದವರೇ ಅಲ್ಲ.

ಒಂದು ಸೋಮವಾರ ಶೆಟ್ಟಿಹಳ್ಳಿಯ ನಮ್ಮ ಕಚೇರಿಗೆ ಒಬ್ಬ ಅಜ್ಜಿ ಬಂದರು. ಗುಬ್ಬಿ ತಾಲ್ಲೂಕಿನಲ್ಲಿ ಕಡಬದ ಕಡೆ ಹೋಗುವಾಗ ಒಂದು ಕೆರೆ ಸಿಗುತ್ತದೆ. ಅದರ ಏರಿಯ ಮೇಲೆ ಅವರ ಮೊಮ್ಮಗಳು ದಿನಾ ಸ್ಕೂಲ್ ಆಟೋದಲ್ಲಿ ಹೋಗಿ ಬರುತ್ತಾಳೆ. ಏರಿ ಕಿರಿದು, ಪಕ್ಕಕ್ಕೆ ತಡೆಗೋಡೆಯಿಲ್ಲ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಆಟೋದ ಒಂದು ಚಕ್ರ ಗಾಳಿಯಲ್ಲಿ.

"ಮಗು ಮನೆಗ್ ಬರೋಗಂಟ ನಂಗೆ ಮುದ್ದೆ ಗಂಟ್ಲಲ್ಲಿ ಇಳ್ಯಕಿಲ್ಲ ಕಣಪ್ಪ" ಎಂದರು ಅಜ್ಜಿ.

ಸಾಹೇಬರ ಕಣ್ಣು ಒದ್ದೆಯಾಯಿತು. "ಅಜ್ಜೀ, ಇದು ಬರೀ ಗೋಡೆ ವಿಷ್ಯ ಅಲ್ಲ. ಸಮುದಾಯದ ಸುರಕ್ಷತೆ! ಮಾನವ ಹಕ್ಕು! ಎಲ್ಲಾ ಕಡೆ ದನಿ ಎತ್ತುತೀನಿ ನೋಡ್ತಿರಿ."

"ದನಿ ಆಮ್ಯಾಕ್ ಎತ್ತೀವಂತೆ ಬುಡಪ್ಪ, ಗೋಡೆ ಎತ್ತು" ಎಂದರು ಅಜ್ಜಿ.

ನಾನು ನಗಲಿಲ್ಲ. ಆದರೆ ಆ ಗೋಡೆ ಏಳುವ ತನಕ ನನಗೆ ನೆಮ್ಮದಿಯಿಲ್ಲ ಎಂದು ಅಂದೇ ಗೊತ್ತಾಯಿತು.

ಚಿಲಕ

ಮೊದಲ ದನಿ ಎದ್ದದ್ದು ಕುಣಿಗಲ್‌ನ ಒಂದು ಕಾಲೇಜಿನಲ್ಲಿ. ಮಾನವ ಹಕ್ಕುಗಳ ಬಗ್ಗೆ ಕಾರ್ಯಕ್ರಮ. ಕೆರೆ ಏರಿಯ ವಿಷಯವನ್ನು ಅಲ್ಲಿಂದಲೇ ಶುರು ಮಾಡೋಣ, ಪತ್ರಿಕೆಯವರೂ ಬರುತ್ತಾರೆ ಎಂದು ನಾನೇ ಹೇಳಿದ್ದೆ. ಕರೆದಿದ್ದ ಹೊತ್ತು ಬೆಳಿಗ್ಗೆ. ದಾರಿಯಲ್ಲಿ ಎರಡು ಗೃಹಪ್ರವೇಶ, ಒಂದು ನಾಮಕರಣ ಮುಗಿಸಿ ನಾವು ತಲುಪಿದ್ದು ಊಟದ ಹೊತ್ತಿಗೆ. ಆಶ್ಚರ್ಯವೆಂದರೆ ಸಭಾಂಗಣ ತುಂಬಿ ತುಳುಕುತ್ತಿತ್ತು.

"ನೋಡಿದ್ರಾ ಪಿಎ ಸಾಹೇಬ್ರೆ, ನಮ್ಮ ಯುವಜನಕ್ಕೆ ಮಾನವ ಹಕ್ಕು ಅಂದ್ರೆ ಎಷ್ಟು ಕಾಳಜಿ!" ಎಂದು ಸಾಹೇಬರು ನನ್ನ ಕಿವಿಯಲ್ಲಿ ಹೇಳಿ ಮೈಕು ಹಿಡಿದರು. ಮಾತು ಚೆನ್ನಾಗಿಯೇ ಹೋಯಿತು. ಬೆಳಿಗ್ಗೆ ಹೋದ ಮಗು ಸಂಜೆ ಮನೆ ಸೇರುವುದು ಹಕ್ಕು, ನಿರ್ಭಯವಾಗಿ ಓಡಾಡುವುದು ಹಕ್ಕು, ಪ್ರಶ್ನೆ ಕೇಳುವುದೂ ಹಕ್ಕು. "ಕೇಳಿ, ಯಾರಾದ್ರೂ ಧೈರ್ಯವಾಗಿ ಕೇಳಿ!"

ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದಳು. "ಸಾರ್, ಬಾತ್‌ರೂಮಿಗೆ ಹೋಗೋದು ಮಾನವ ಹಕ್ಕಾ?"

"ಅದೇನಮ್ಮ ಹಂಗ್ ಕೇಳ್ತೀಯ? ಮೂಲಭೂತ ಹಕ್ಕು!"

"ಹಂಗಾದ್ರೆ ಬಾಗ್ಲು ತೆಗ್ಸಿ ಸಾರ್. ನೀವ್ ಬರೋವರ್ಗೂ ಯಾರೂ ಎದ್ದೋಗ್ಬಾರ್ದು ಅಂತ ಬೆಳಿಗ್ಗೆಯಿಂದ ಹೊರಗಡೆ ಚಿಲಕ ಹಾಕಿದ್ರು, ನೀವ್ ಒಳಗ್ ಬಂದ್ಮೇಲೆ ಮತ್ತೆ ಹಾಕವ್ರೆ."

ಪ್ರಾಂಶುಪಾಲರು ಸೀಲಿಂಗ್ ಫ್ಯಾನ್ ನೋಡತೊಡಗಿದರು. ಸಾಹೇಬರು ಗುಡುಗಿದರು: "ಇದು ಅಕ್ಷಮ್ಯ! ತೆಗೀರಿ ಬಾಗ್ಲು!"

ಬಾಗಿಲು ತೆರೆಯಿತು. ಅರೆಗಳಿಗೆಯಲ್ಲಿ ಸಭಾಂಗಣ ಖಾಲಿ. ಸಾಲುಸಾಲು ಕುರ್ಚಿಗಳ ನಡುವೆ ನಾನೊಬ್ಬನೇ ಕೂತಿದ್ದೆ, ತತ್ವಕ್ಕಾಗಿ. ವೇದಿಕೆಯ ಮೇಲೆ ವಂದನಾರ್ಪಣೆಯವರೊಬ್ಬರೇ ನಿಂತಿದ್ದರು. ಸಾಹೇಬರು ಎಲ್ಲಿ ಎಂದು ನೋಡಿದರೆ, ಬಾಗಿಲು ದಾಟಿದವರಲ್ಲಿ ಅವರೇ ಮೊದಲಿಗರು.

ಪೇಟ

ಜಿಲ್ಲೆಯ ದೊಡ್ಡ ಅಧಿಕಾರಿಯೊಬ್ಬರು ತುಮಕೂರಿನ ಹೆಲ್ಮೆಟ್ ಜಾಥಾಕ್ಕೆ ಬರುತ್ತಾರೆ, ಅಲ್ಲೇ ಗೋಡೆಯ ಮಾತು ಎತ್ತಬಹುದು ಎಂದು ತಿಳಿಯಿತು. ಸಾಹೇಬರಿಗೆ ನಾನು ಹೇಳಿಕೊಟ್ಟಿದ್ದು ಇಷ್ಟೇ: "ಹೆಲ್ಮೆಟ್ ಹಾಕಿ, ಸ್ಕೂಟರಿನಲ್ಲಿ ಮುಂದೆ ಹೋಗಿ, ಕೊನೆಗೆ ಅವರ ಪಕ್ಕ ನಿಂತು ಏರಿಯ ವಿಷಯ ಹೇಳಿ."

ಆದರೆ ನಮ್ಮ ಜಿಲ್ಲೆಯಲ್ಲಿ ಸನ್ಮಾನವಿಲ್ಲದೆ ಸ್ಕೂಟರೂ ಸ್ಟಾರ್ಟ್ ಆಗುವುದಿಲ್ಲ. ಒಂದು ಸಂಘದ ಹಿರಿಯರು ಬಂದು ಸಾಹೇಬರಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿಬಿಟ್ಟರು.

"ಸರ್, ಪೇಟ ತೆಗೆದು ಹೆಲ್ಮೆಟ್ ಹಾಕಿ" ಎಂದೆ.

"ಏನ್ರೀ ನೀವು, ಯಜಮಾನ್ರ ಎದ್ರಿಗೇ ಪೇಟ ತೆಗ್ದಿಟ್ರೆ ಅವ್ರ ಮನಸ್ಸಿಗೆ ಏನನ್ಸುತ್ತೆ?"

"ಹೆಲ್ಮೆಟ್ ಇಲ್ಲದೆ ಹೋದರೆ ಕಾನೂನಿಗೆ ಏನನ್ನಿಸುತ್ತದೆ?"

ಸ್ವಲ್ಪ ಹೊತ್ತು ಜಾಥಾ ನಿಂತೇ ಇತ್ತು. ಕೊನೆಗೆ ಡ್ರೈವರ್ ಮಾದಣ್ಣ ಹೇಳಿದ: "ಅದಕ್ಯಾಕ್ ಸಾರ್ ಜಗ್ಳ? ಹೆಲ್ಮೆಟ್ ಕೆಳಗಿರ್ಲಿ, ಪೇಟ ಮ್ಯಾಲಿರ್ಲಿ." ಹೇಳಿದ್ದಷ್ಟೇ ಅಲ್ಲ, ಎಲ್ಲಿಂದಲೋ ಒಂದು ದಾರ ತಂದು ಹೆಲ್ಮೆಟ್ಟಿನ ಮೇಲೆ ಪೇಟವಿಟ್ಟು, ದಾರವನ್ನು ಗದ್ದದ ಕೆಳಗೆ ಸುತ್ತಿ ಕಟ್ಟಿಯೇಬಿಟ್ಟ.

ಆ ಗೋಪುರ ಹೊತ್ತು ಸಾಹೇಬರು ಅಧಿಕಾರಿಯ ಪಕ್ಕ ಬಂದು ನಿಂತರು. ದಾರ ಬಿಗಿಯಾಗಿತ್ತು, ಬಾಯಿ ತೆರೆಯಲಾಗದು. "ಹ್ಞೂ... ಗ್ಹೋ... ಏಹೀ..." ಎಂದು ಕೈಯಲ್ಲಿ ಗೋಡೆಯ ಎತ್ತರ ತೋರಿಸಿದರು. ಅಧಿಕಾರಿ ಕನಿಕರದಿಂದ ಅವರ ಭುಜ ತಟ್ಟಿ, ನನ್ನ ಕಡೆ ತಿರುಗಿ, "ಪಾಪ, ಇವರಿಗೆ ಹಿಂದೆ ಯಾವಾಗಲೋ ಆಕ್ಸಿಡೆಂಟ್ ಆಗಿತ್ತೇ?" ಎಂದು ಕೇಳಿದರು.

ನಮಸ್ಕಾರ

ಇನ್ನು ಸದನವೇ ಗತಿ. ಶೂನ್ಯವೇಳೆಯಲ್ಲಿ ಎರಡು ನಿಮಿಷ ಸಿಕ್ಕಿತು. ನಾನು ಎರಡು ನಿಮಿಷಕ್ಕೆ ಸರಿಯಾಗಿ ಭಾಷಣ ಬರೆದು, ಗಡಿಯಾರ ಹಿಡಿದು ಅವರಿಂದ ಓದಿಸಿ, ಒಂದು ಉಸಿರು ಕೂಡ ಹೆಚ್ಚಾಗದಂತೆ ಮಾಡಿದ್ದೆ.

ಸಾಹೇಬರು ಎದ್ದರು. ಅಭ್ಯಾಸಬಲ! ಹಳ್ಳಿಯ ಸಭೆಗಳಲ್ಲಿ ಮಾಡುವಂತೆ ಮೊದಲು ಯಡಿಯೂರು ಸಿದ್ಧಲಿಂಗೇಶ್ವರರಿಗೆ ಕೈಮುಗಿದರು. ನಂತರ ಪೀಠಕ್ಕೆ, ಆಡಳಿತ ಪಕ್ಷದ ಹಿರಿಯರಿಗೆ, ವಿರೋಧ ಪಕ್ಷದ ಹಿರಿಯರಿಗೆ, "ತಾಯಂದಿರೇ, ಅಕ್ಕತಂಗಿಯರೇ, ಯುವಮಿತ್ರರೇ, ಮಾಧ್ಯಮ ಬಂಧುಗಳೇ" ಎಂದು ಗ್ಯಾಲರಿಯ ತುದಿಯವರೆಗೂ ಹೋಗಿ, ಬಾಗಿಲ ಹತ್ತಿರ ನಿಂತಿದ್ದ ಮಾರ್ಷಲ್‌ಗೂ ನಮಸ್ಕರಿಸಿ, "ಈ ಸಂದರ್ಭದಲ್ಲಿ ನಾನು ಹೇಳಬಯಸುವುದೇನೆಂದರೆ..." ಎನ್ನುವಾಗ ಗಂಟೆ ಹೊಡೆಯಿತು. ಮೈಕು ಬಂದ್.

"ಮಾನ್ಯ ಸದಸ್ಯರ ಭಾವನೆಗಳನ್ನು ಗಮನಿಸಲಾಗಿದೆ" ಎಂದರು ಸಚಿವರು.

ಸಂಜೆ ಅಜ್ಜಿಯ ಫೋನು. ಮೊಮ್ಮಗಳು ಮೊಬೈಲಿನಲ್ಲಿ ತೋರಿಸಿದ್ದಳಂತೆ. "ಚೆಂದಾಗಿ ಮಾತಾಡ್ದ ನಮ್ಮಪ್ಪ. ಎಲ್ಲಾರ್ಗೂವೆ ಕೈಮುಗ್ದ. ಹಂಗೇ ಆ ಗೋಡೆಗೂ ಒಂದ್ ಕೈಮುಗ್ದಿದ್ರೆ, ಅದರ ಹೆಸ್ರಾದ್ರೂ ಬಾಯಲ್ಲಿ ಬತ್ತಿತ್ತು."

ಫ್ಲೆಕ್ಸು

ಆದರೂ ಸದನದಲ್ಲಿ ಸಾಹೇಬರು ಎದ್ದು ನಿಂತದ್ದನ್ನು ಟಿವಿಯಲ್ಲಿ ನೋಡಿದ ಅಭಿಮಾನಿಗಳು ಕೆಲಸ ಆದಂತೆಯೇ ಎಂದು ತೀರ್ಮಾನಿಸಿದರು. ನಮ್ಮಲ್ಲಿ ಅಭಿನಂದನೆ ಯಾವಾಗಲೂ ಕೆಲಸಕ್ಕಿಂತ ಮುಂಚೆ ಬರುತ್ತದೆ. ಒಂದೇ ವಾರದಲ್ಲಿ ಏರಿಯ ಉದ್ದಕ್ಕೂ ಫ್ಲೆಕ್ಸು. ಪ್ರತಿಯೊಂದರಲ್ಲೂ ಆಳೆತ್ತರದ ಸಾಹೇಬರು ಕೈಮುಗಿದು ನಗುತ್ತಿದ್ದರು. ಕೆಳಗೆ: "ತಡೆಗೋಡೆ ನಿರ್ಮಿಸಿಕೊಟ್ಟ ಧೀಮಂತ ನಾಯಕರಿಗೆ ಅಭಿನಂದನೆಗಳು." ಒಂದಕ್ಕೊಂದು ಅಂಟಿಕೊಂಡು ನಿಂತಿದ್ದರಿಂದ ಕೆರೆಯೇ ಕಾಣುತ್ತಿರಲಿಲ್ಲ.

ನಾನು ಬರೆದಿದ್ದ ಅರ್ಜಿಯ ಮೇಲೆ ಅದೇ ವಾರ ಇಲಾಖೆಯ ಎಂಜಿನಿಯರ್ ಸಾಹೇಬರು ಸ್ಥಳ ಪರಿಶೀಲನೆಗೆ ಬಂದರು. ನಾವೂ ಹೋದೆವು, ಅಜ್ಜಿಯೂ ಬಂದಿದ್ದರು. ಎಂಜಿನಿಯರ್ ಜೀಪಿನಿಂದ ಇಳಿದು, ಫ್ಲೆಕ್ಸು ಓದಿ, ಮುಖ ಗಂಟಿಕ್ಕಿದರು.

"ಗೋಡೆ ಆಗಿದೆಯಲ್ರೀ. ಆಗಿರೋ ಕೆಲಸಕ್ಕೆ ಮತ್ತೆ ನಮ್ಮನ್ನ ಯಾಕೆ ಕರೆಸಿದ್ದು?"

"ಇಲ್ಲ ಸರ್, ಅದು ಬರೀ ಫ್ಲೆಕ್ಸು" ಎಂದೆ.

"ಶಾಸಕರೇ ಕೈಮುಗಿದು ನಿಂತಿದ್ದಾರೆ, ನಿರ್ಮಿಸಿಕೊಟ್ಟ ಅಂತ ಬರ್ದಿದೆ. ನಾನು ಯಾರನ್ನ ನಂಬ್ಲಿ?"

ಸಾಹೇಬರು ಸಂಕಟದಿಂದ ಒಮ್ಮೆ ತಮ್ಮ ಫೋಟೋ, ಒಮ್ಮೆ ಎಂಜಿನಿಯರ್ ಮುಖ ನೋಡಿದರು. ಫ್ಲೆಕ್ಸು ಸುಳ್ಳು ಎಂದರೆ ಅಭಿಮಾನಿಗಳಿಗೆ ಬೇಸರ, ನಿಜ ಎಂದರೆ ಗೋಡೆ ಕೈತಪ್ಪುತ್ತದೆ. ಕೊನೆಗೆ ಫೋಟೋದಲ್ಲಿದ್ದಂತೆಯೇ ಕೈಮುಗಿದು ನಿಂತರು.

ಎಂಜಿನಿಯರ್ ಜೀಪಿನ ಕಡೆ ತಿರುಗಿದರು. ಅಷ್ಟರಲ್ಲಿ ಅಜ್ಜಿ ಮುಂದೆ ಬಂದು, "ಬಿಸ್ಲಲ್ಲಿ ದಣ್ದಿದೀರ ಸ್ವಾಮಿ. ಹೆಂಗೂ ಗೋಡೆ ಐತಲ್ಲ, ಒಸಿ ಒರಗ್ಕಂಡು ಸುಧಾರಿಸ್ಕಳಿ" ಎಂದರು.

ತಡೆಯಬೇಕೆಂದು ನಾನು "ಸರ್..." ಎನ್ನುವಷ್ಟರಲ್ಲಿ ಎಂಜಿನಿಯರ್ ಹಟಕ್ಕೆ ಬಿದ್ದವರಂತೆ ಕೈಕಟ್ಟಿ ಫ್ಲೆಕ್ಸಿಗೆ ಒರಗಿದರು. ಚರ್ರ್ ಎಂದಿತು. ನಮ್ಮ ಸಾಹೇಬರ ಹೊಟ್ಟೆ ಸೀಳಿಕೊಂಡು ಎಂಜಿನಿಯರ್ ಮಾಯ. ಆಮೇಲೆ ಕೆಳಗಿನಿಂದ ಪಚಕ್ ಎಂಬ ಸದ್ದು.

ಓಡಿ ಇಣುಕಿದೆವು. ಪುಣ್ಯಕ್ಕೆ ಅಂಚಿನಲ್ಲಿ ನೀರಿರಲಿಲ್ಲ, ಬರೀ ಕೆಸರು. ಎಂಜಿನಿಯರ್ ಸೊಂಟದ ತನಕ ಹೂತು, ತಲೆಯ ಮೇಲೆ ಒಂದು ಜೊಂಡು ಇಟ್ಟುಕೊಂಡು ಕೂಗುತ್ತಿದ್ದರು: "ಇಲ್ಲಿ ಗೋಡೆ ಇಲ್ಲ! ಇಲ್ಲಿ ಗೋಡೆ ಇಲ್ಲ!"

"ಅದ್ನೇ ನಾವೂ ಹೇಳ್ತಿದ್ದದ್ದು ಸ್ವಾಮಿ" ಎಂದರು ಅಜ್ಜಿ. ಮಾದಣ್ಣ ಇಳಿಬಿಡುತ್ತಿದ್ದ ಹಗ್ಗವನ್ನು ತಾವೇ ಹಿಡಿದುಕೊಂಡು, "ಗೋಡೆಗೆ ಹ್ಞೂಂ ಅನ್ನಿ, ಹಗ್ಗ ಬುಡ್ತೀವಿ" ಎಂದರು.

"ಹ್ಞೂಂ! ಹ್ಞೂಂ! ಈ ತುದಿಯಿಂದ ಆ ತುದಿವರ್ಗೂ!"

ನನಗೆ ಸುಮ್ಮನಿರಲಾಗಲಿಲ್ಲ. ಗೋಡೆ ಬೇಕು, ನಿಜ. ಆದರೆ ತತ್ವ ಎಂಬುದೊಂದಿದೆ. "ಅಜ್ಜೀ, ಇದು ತಪ್ಪು" ಎಂದೆ. "ಕೆಸರಿನಲ್ಲಿ ಸಿಕ್ಕಿಬಿದ್ದವರಿಂದ ಬಲವಂತದ ಒಪ್ಪಿಗೆ ಪಡೆಯುವುದು ಮಾನವ ಹಕ್ಕಿನ ಸ್ಪಷ್ಟ ಉಲ್ಲಂಘನೆ. ಮೊದಲು ಅವರನ್ನು ಮೇಲಕ್ಕೆತ್ತಿ, ಅವರು ಸ್ನಾನ ಮಾಡಿ, ಸಾವಕಾಶವಾಗಿ ಯೋಚಿಸಿ..."

"ರೀ ಪಿಎ!" ಕೆಳಗಿನಿಂದ ಎಂಜಿನಿಯರ್ ಕಿರುಚಿದರು. "ನನ್ ಹಕ್ಕು ನಾನ್ ನೋಡ್ಕೋತೀನಿ, ನೀವ್ ಬಾಯ್ ಮುಚ್ಕೊಂಡು ಹಗ್ಗ ಬಿಡ್ರೀ!"

ಕೆಲವೇ ತಿಂಗಳಲ್ಲಿ ಗೋಡೆ ಎದ್ದಿತು. ಅಜ್ಜಿಯ ಮೊಮ್ಮಗಳ ಆಟೋದ ಮಟ್ಟಿಗೆ ಸೊಂಟದೆತ್ತರ ಇದ್ದರೆ ಸಾಕು ಎಂದು ನಾವು ಕೇಳಿದ್ದೆವು. ಎಂಜಿನಿಯರ್ ಸಾಹೇಬರು ಖುದ್ದಾಗಿ ಮುಂದೆ ನಿಂತು, ತಮ್ಮ ಕತ್ತಿನ ಮಟ್ಟಕ್ಕೆ ಕಟ್ಟಿಸಿದರು.