ಬೀಗರು ಕಂಡ ಎರಡು ಹೂಜಿ

ನಿಮ್ಮ ಬೀಗರು ನಿಮ್ಮದೇ ಸೋಫಾದ ಮೇಲೆ ಕುಳಿತು, ನೀವು ಬಡಿಸಿದ ಒಬ್ಬಟ್ಟು ತಿನ್ನುತ್ತಾ, ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನು ತಪ್ಪಾಗಿ ಹೇಳಿದರೆ ನೀವೇನು ಮಾಡುತ್ತೀರಿ? ತಿದ್ದುತ್ತೀರಾ? ಸುಳ್ಳು ಹೇಳಬೇಡಿ. ಇನ್ನೊಂದು ಚಮಚ ತುಪ್ಪ ಹಾಕಿ ‘ಹೌದೌದು’ ಎನ್ನುತ್ತೀರಿ. ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ ಎಂದು ಬೀಗರು ಹೇಳಿದರೂ ‘ಈಚೀಚೆಗೆ ಹಾಗೇ ಆಗಿದೆ’ ಎನ್ನಬೇಕೆಂದು ನಮ್ಮತ್ತೆ ನನಗೆ ಕಲಿಸಿದ್ದರು. ಕೆನಡಾಕ್ಕೆ ಬಂದ ಮೇಲೆ ಪಾಸ್‌ಪೋರ್ಟಿನ ಬಣ್ಣ ಬದಲಾಯಿತು, ಈ ನಿಯಮ ಬದಲಾಗಲಿಲ್ಲ.

ನನಗೆ ಚೆನ್ನಾಗಿ ಗೊತ್ತಿರುವ ವಿಷಯ ಎಂದೆನಲ್ಲ, ಅದು ಹೂಜಿ ಗಿಡ. ನಗಬೇಡಿ. ಬೋರ್ನಿಯೊ ಕಡೆಯ ಮಳೆಕಾಡಿನ ಬಳ್ಳಿ ಅದು. ಎಲೆಯ ತುದಿಯಿಂದ ದಾರದಂಥ ಕುಡಿಯೊಂದು ಹೊರಟು, ಅದರ ಕೊನೆಯಲ್ಲಿ ಮುಚ್ಚಳವಿರುವ ಪುಟ್ಟ ಹೂಜಿ ತೂಗುತ್ತದೆ. ಸಿಹಿಯ ಆಸೆಗೆ ಬಂದ ಇರುವೆ ಅಂಚಿನಲ್ಲಿ ಜಾರಿ ಒಳಗೆ ಬಿದ್ದರೆ ಗಿಡಕ್ಕೆ ಊಟ. ನಾವಿರುವ ಮಾರ್ಕಮ್ಮಿನಲ್ಲಿ ಹಿಮ ಬಿದ್ದು ನಾನು ಮನೆಯೊಳಗೇ ಉಳಿದಿದ್ದಾಗ ಮೊಮ್ಮಗಳು ಅನಘಾ ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿಸಿ, ಒಂದು ಆ್ಯಪ್ ಹಾಕಿಕೊಟ್ಟಳು. ಲೋಕದ ಜನ ಕಾಡಿನಲ್ಲಿ ಕಂಡ ಗಿಡಗಳ ಫೋಟೋ ಅಲ್ಲಿ ಹಾಕುತ್ತಾರೆ, ಗೊತ್ತಿದ್ದವರು ಹೆಸರು ಹೇಳುತ್ತಾರೆ. ಅಜ್ಜಿ ಹಿತ್ತಲಿನ ಮೇಪಲ್ ಮರದ ಹೆಸರು ಹೇಳಿಕೊಂಡು ಸುಮ್ಮನಿರುತ್ತಾಳೆ ಎಂದು ಅವಳ ಲೆಕ್ಕ. ಅಜ್ಜಿ ಸೀದಾ ಬೋರ್ನಿಯೊಗೆ ಹೋದಳು. ಆ್ಯಪಿನಲ್ಲಿ ಹೆಸರು ಕೇಳಿದಾಗ ‘ಹೆನ್ರಿ’ ಎಂದು ಒಂದೇ ಬೆರಳಲ್ಲಿ ಕುಟ್ಟಿ, ಒಂದು ಟೋಪಿಯ ಚಿತ್ರ ಹಾಕಿದೆ. “ಅಜ್ಜಿ, ವೈ ಹೆನ್ರಿ?” ಎಂದಳು. “ಹೆಂಗಸು ಹೇಳಿದ್ರೆ ಸಾಕ್ಷಿ ಕೇಳ್ತಾರೆ ಕಣೇ, ಹೆನ್ರಿ ಹೇಳಿದ್ರೆ ಥ್ಯಾಂಕ್ಸ್ ಹೇಳ್ತಾರೆ” ಎಂದೆ.

ಕಷ್ಟದ ವಿದ್ಯೆಯೇನಲ್ಲ. ಮದುವೆ ಮನೆಯಲ್ಲಿ ಓಡಾಡುವ ಮಗುವಿನ ಕಿವಿ ನೋಡಿ ಇದು ಯಾರ ಮನೆಯದೆಂದು ಹೇಳುತ್ತಿದ್ದವಳು ನಾನು. ಹೂಜಿಗೂ ಅದೇ ಕಣ್ಣು ಸಾಕು. ಬಣ್ಣ ನಂಬಿದರೆ ಕೆಟ್ಟಿರಿ, ಅದು ಬಿಸಿಲಿಗೆ ತಕ್ಕಂತೆ ಕುಣಿಯುತ್ತದೆ. ಬಾಯಿಯ ಅಂಚು ನೋಡಬೇಕು, ಮುಚ್ಚಳದ ಅಡಿ ನೋಡಬೇಕು, ಕುಡಿ ಬಂದು ಸೇರುವ ಜಾಗ ನೋಡಬೇಕು. ಎಲ್ಲಕ್ಕಿಂತ ದೊಡ್ಡ ಮೋಸ ಬೇರೆಯೇ ಇದೆ. ಒಂದೇ ಬಳ್ಳಿ ನೆಲದ ಹತ್ತಿರ ಡೊಳ್ಳುಹೊಟ್ಟೆಯ, ಎದೆಯ ಮೇಲೆ ಎರಡು ಝಾಲರು ಹೊತ್ತ ಹೂಜಿ ಬಿಡುತ್ತದೆ. ಮರ ಹತ್ತಿದ ಮೇಲೆ ಝಾಲರಿಲ್ಲದ, ಆಲಿಕೆಯಂಥ ಸಣಕಲು ಹೂಜಿ ಬಿಡುತ್ತದೆ. ನನ್ನನ್ನು ಅಡುಗೆಮನೆಯಲ್ಲಿ ನೈಟಿಯಲ್ಲೂ ಆರತಕ್ಷತೆಯಲ್ಲಿ ರೇಷ್ಮೆ ಸೀರೆಯಲ್ಲೂ ನೋಡಿದವರು, ಇವರು ಇಬ್ಬರು ಹೆಂಗಸರು ಎಂದುಕೊಂಡ ಹಾಗೆ, ಹೊಸಬರು ಇವನ್ನು ಎರಡು ಜಾತಿ ಎಂದೇ ಬರೆಯುತ್ತಾರೆ.

ಈಗ ಬೀಗರ ವಿಷಯ. ನನ್ನ ಸೊಸೆ ವಿನುತಾಳ ತಂದೆ, ಧಾರವಾಡದವರು, ರಿಟೈರ್ ಆದ ಇಂಜಿನಿಯರು, ಬರ್ಲಿಂಗ್ಟನ್ನಿನಲ್ಲಿ ಒಬ್ಬರೇ ಇದ್ದಾರೆ. ಬೀಗಿತ್ತಿ ಹೋದ ಮೇಲೆ ಅವರು ಮಾತು ಬಿಟ್ಟಿದ್ದರು, ನಗು ಬಿಟ್ಟಿದ್ದರು. ಫೋನ್ ಮಾಡಿದರೆ ‘ಹೂಂ’ ಎನ್ನುವುದಕ್ಕೂ ಯೋಚಿಸುತ್ತಿದ್ದರು. ವಿನುತಾ ಹಟ ಮಾಡಿ ಅವರನ್ನು ಬೋರ್ನಿಯೊ ಟೂರಿಗೆ ಕಳಿಸಿದಳು. ಬಂದವರು ಬೇರೆಯೇ ಮನುಷ್ಯ. ನಮ್ಮ ಮನೆಗೆ ಬಂದು, ಒಬ್ಬಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಫೋಟೋ ತೋರಿಸಿದರು. “ನೋಡ್ರಿ ಬೀಗಿತ್ತಿಯವರ, ಎರಡು ಥರದ್ದು ಸಿಕ್ಕಾವು. ಇದು ದಪ್ಪಂದು, ಇದು ತೆಳ್ಳಂದು. ಶನಿವಾರ ಹಿರಿಯರ ಬಳಗದಾಗ ಇದರ ಮ್ಯಾಲೇ ಮಾತಾಡಾಂವ ಇದ್ದೀನಿ.”

ಎರಡೂ ಒಂದೇ ಬಳ್ಳಿ ಎಂದು ನೋಡಿದ ಕೂಡಲೇ ತಿಳಿಯಿತು. ನಾಲಿಗೆಯ ತುದಿಗೆ ಬಂದ ಮಾತನ್ನು ಒಬ್ಬಟ್ಟಿನ ಜೊತೆ ನುಂಗಿದೆ. ವಿನುತಾ ನನ್ನ ಮುಖ ನೋಡಿಯೇ ಅಡುಗೆಮನೆಗೆ ಎಳೆದುಕೊಂಡು ಹೋದಳು. “ಅತ್ತೆ, ಪ್ಲೀಸ್. ಎಷ್ಟೋ ದಿನ ಆದ್ಮೇಲೆ ಅಪ್ಪ ಹೀಗೆ ಮಾತಾಡ್ತಿದಾರೆ. ನೀವು ಕರೆಕ್ಟ್ ಮಾಡೋಕೆ ಹೋಗ್ಬೇಡಿ.”

“ನಾನು ಮಾಡಲ್ಲ ಕಣಮ್ಮ. ಆದ್ರೆ ಪಿಕರಿಂಗ್ ಮೇಡಂ ಬಿಡ್ತಾರಾ?”

ಪಿಕರಿಂಗ್ ಮೇಡಂ ಎಂದರೆ ಪಕ್ಕದ ಪಿಕರಿಂಗ್ ಊರಿನಿಂದ ಬಳಗಕ್ಕೆ ಬರುವ ಸಸ್ಯಶಾಸ್ತ್ರದ ಪ್ರೊಫೆಸರು. ಹಿಂದೆ ಅಣಬೆಯ ಬಗ್ಗೆ ಮಾತಾಡಿದ ಪಾಪದ ಮನುಷ್ಯರೊಬ್ಬರನ್ನು ಅವರು ಎಲ್ಲರೆದುರಿಗೆ ನೀಟಾಗಿ ಸಿಪ್ಪೆ ಸುಲಿದಿದ್ದರು. ಆ ಮನುಷ್ಯ ಆಮೇಲೆ ಬಳಗದ ಕಡೆ ತಲೆ ಹಾಕಿಲ್ಲ. ಬೀಗರಿಗೂ ಹಾಗಾದರೆ ಮತ್ತೆ ಬರ್ಲಿಂಗ್ಟನ್ನಿನ ಬಾಗಿಲು ಹಾಕಿಕೊಂಡು ಕೂರುತ್ತಾರೆ, ಆಗ ಯಾವ ಟೂರಿಗೂ ಹೊರಗೆ ಬರುವವರಲ್ಲ. ತಿದ್ದಿದರೆ ನಾನು ಕೆಟ್ಟೆ, ಬಿಟ್ಟರೆ ಅವರು ಕೆಟ್ಟರು.

ನಾನು ಹಾಲಿಗೆ ಬಂದು ಮೆತ್ತಗೆ, “ಬೀಗರೇ, ಇದನ್ನೆಲ್ಲ ಹಾಕೋ ಆ್ಯಪ್ ಒಂದಿದೆಯಂತೆ. ದೊಡ್ಡ ದೊಡ್ಡೋರೆಲ್ಲ ನೋಡಿ ಮೆಚ್ಕೋತಾರಂತೆ” ಎಂದೆ. ಬೀಗರು ಅಲ್ಲೇ ಹಾಕಿದರು. ಆ ಸಂಜೆಯೇ ಹೆನ್ರಿ ಎಚ್ಚರಗೊಂಡ. ಎರಡೂ ಒಂದೇ ಗಿಡದ ಕೆಳಗಿನ ಹೂಜಿ, ಮೇಲಿನ ಹೂಜಿ ಎಂದು ಇಂಗ್ಲಿಷಿನಲ್ಲಿ ಕುಟ್ಟಿ ಕಳಿಸಿದ. ಮಾರನೆಯ ದಿನ ಬೀಗರ ಫೋನು.

“ಯಾವನೋ ಹೆನ್ರಿ ಅಂತ ಅದಾನ್ರಿ. ಎರಡೂ ಒಂದ ಗಿಡ ಅಂತಾನ. ಇವ ಎಂದರ ಕಾಡು ನೋಡ್ಯಾನೋ ಇಲ್ಲೋ.”

“ಅಧಿಕಪ್ರಸಂಗಿ ಇರ್ಬೇಕು ಬಿಡಿ” ಎಂದೆ, ಸ್ಪೀಕರ್ ಹಾಕಿಕೊಂಡು ಹೆನ್ರಿಯ ಮುಂದಿನ ಉತ್ತರವನ್ನು ಕುಟ್ಟುತ್ತಲೇ. ಬಳ್ಳಿ ಪೂರ್ತಿ ಕಾಣುವ ಫೋಟೋ ಇದ್ದರೆ ಕಳಿಸಿ ಎಂದು ಹೆನ್ರಿ ಕೇಳಿದ. ಬೀಗರ ಹತ್ತಿರ ಇತ್ತು. ಬುಡದಲ್ಲಿ ಡೊಳ್ಳು, ಮೇಲೆ ಆಲಿಕೆ, ನಡುವೆ ಒಂದೇ ಕಾಂಡ. ಆಮೇಲೆ ಅವರ ಕಡೆಯಿಂದ ಸದ್ದಿಲ್ಲ. ಎಲ್ಲಿ ಮತ್ತೆ ಮೌನಕ್ಕೆ ಜಾರಿದರೋ ಎಂದು ದಿನಕ್ಕೆ ಹತ್ತು ಸಲ ಆ್ಯಪ್ ತೆರೆದು ನೋಡಿದೆ. ಶುಕ್ರವಾರ ಇನ್ನೊಂದು ಫೋಟೋ ಹಾಕಿದರು. ಮೋಟು ಮೋಟಾದ ಕೆಂಪು ಹೂಜಿಗಳು, ಸುತ್ತ ಮಬ್ಬುಗತ್ತಲು. ಹೆನ್ರಿಗೆ ಖುಷಿಯೋ ಖುಷಿ. ಲ್ಯಾಟಿನ್ ಹೆಸರು, ಮುಚ್ಚಳದ ಬಾಗು, ನೆರಳಿನ ಜೌಗು ನೆಲ ಎಂದು ಒಂದು ಪುಟ ಬರೆದು, ‘ಕಾಡಿನಲ್ಲಿ ತಾನಾಗಿ ಬೆಳೆದದ್ದು’ ಎಂಬಲ್ಲಿ ಗುರುತನ್ನೂ ಒತ್ತಿದ.

ಶನಿವಾರ ಬಳಗದ ಸಭೆಯಲ್ಲಿ ಬೀಗರು ಕೋಟು ಹಾಕಿಕೊಂಡು ನಿಂತರು. “ಇವು ಎರಡು ಗಿಡ ಅಂತ ನಾನೂ ಮೋಸ ಹೋಗಿದ್ದೆ, ಒಂದ ಬಳ್ಳಿ ಅದ” ಎಂದು ತಾವೇ ಹೇಳಿ ಫೋಟೋ ತೋರಿಸಿದರು. ಪಿಕರಿಂಗ್ ಮೇಡಂ ತಲೆದೂಗಿದರು. ವಿನುತಾ ನನ್ನ ಕೈ ಹಿಡಿದುಕೊಂಡಳು. ನಾನು ಮನಸ್ಸಿನಲ್ಲೇ ಹೆನ್ರಿಯ ಬೆನ್ನು ತಟ್ಟಿದೆ. ಅಷ್ಟರಲ್ಲಿ ಪರದೆಯ ಮೇಲೆ ಆ ಕೆಂಪು ಹೂಜಿಗಳೂ ಅವುಗಳ ಕೆಳಗೆ ಹೆನ್ರಿಯ ಒಂದು ಪುಟವೂ ಬಂದವು. “ಇದು ನಮ್ಮ ಹೋಟೆಲ್ಲಿನ ಲಾಬಿಯಾಗಿನ ಪ್ಲಾಸ್ಟಿಕ್ ಗಿಡ” ಎಂದರು ಬೀಗರು. ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಬೀಗರು. ಆ ನಗು ಕೇಳಿ ವಿನುತಾ ಕಣ್ಣೊರೆಸಿಕೊಂಡಳು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಚಹಾದ ಹೊತ್ತಿಗೆ ಹತ್ತಿರ ಹೋಗಿ, “ಅಲ್ಲ ಬೀಗರೇ, ಪಾಪ, ಆ ಹೆನ್ರಿ ಒಳ್ಳೇದಕ್ಕೇ ಹೇಳಿದ್ದು. ಅಷ್ಟು ಜನರ ಮುಂದೆ ಅವನ ಮಾನ ತೆಗೀಬಾರ್ದಿತ್ತು” ಎಂದೆ.

ಬೀಗರು ನನ್ನ ಕಪ್ಪಿಗೆ ತಾವೇ ಸಕ್ಕರೆ ಹಾಕಿದರು. “ಹೆನ್ರಿಗೆ ಹೇಳ್ರಿ ಬೀಗಿತ್ತಿಯವರ, ಇನ್ನೊಮ್ಮೆ ಯಾರನ್ನರ ತಿದ್ದೂ ಮುಂದ ‘ನೀವು ದೊಡ್ಡವರು, ತಪ್ಪು ತಿಳೀಬ್ಯಾಡ್ರಿ, ಊಟ ಆತೇನು’ ಅಂತ ಇಂಗ್ಲಿಷಿನಾಗ ಬರೀಬ್ಯಾಡ ಅಂತ. ಬೀಗರ ಮನಿಯವರನ್ನ ಬಿಟ್ರ ಹಂಗ ಬರಿಯೋ ವಿಜ್ಞಾನಿ ಈ ಭೂಮಿ ಮ್ಯಾಲೆ ಇನ್ನೂ ಹುಟ್ಟಿಲ್ಲ.”