ಸಿರುಗುಪ್ಪ ತಪ್ಪಿಸಲು ಗಾಲ್ಫ್ ಕಲಿತದ್ದು

ಗಾಲ್ಫ್ ಆಟವನ್ನು ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. ಚೆಂಡು ನಿಂತೇ ಇದೆ! ಕ್ರಿಕೆಟ್ಟಿನಲ್ಲಿ ಚೆಂಡು ಮೈಮೇಲೆ ನುಗ್ಗಿ ಬರುತ್ತದೆ. ಚಿಣ್ಣಿದಾಂಡಿನಲ್ಲಿ ಚಿಣ್ಣಿಯನ್ನು ಮೊದಲು ಎಬ್ಬಿಸಿ ಆಮೇಲೆ ಬಾರಿಸಬೇಕು. ಇಲ್ಲೋ, ಚೆಂಡು ಎಲ್ಲಿಯೂ ಹೋಗದೆ, ಯಾರ ತಂಟೆಗೂ ಬಾರದೆ, ಹೊಡೆಸಿಕೊಳ್ಳಲೆಂದೇ ಕೂತಿದೆ. ಇದನ್ನು ಹೊಡೆಯುವುದಕ್ಕೂ ಒಂದು ವಿದ್ಯೆ ಬೇಕೇ? ಬೇಕಿಲ್ಲ ಎಂದು ನಾನು ನಿಂತಲ್ಲೇ ತೀರ್ಮಾನಿಸಿದೆ.

ಇದು ಎಪ್ಪತ್ತರ ದಶಕದ ಮಾತು. ಬಳ್ಳಾರಿಯ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ನಾನು ಹೆಡ್ ಗುಮಾಸ್ತ. ಮನೆ ಗಾಂಧಿನಗರದಲ್ಲಿ. ಮೈಸೂರು ಕಡೆಯಿಂದ ಹೊಸ ಮ್ಯಾನೇಜರ್ ಸಾಹೇಬರು ಬಂದರು. ಬಂದವರೇ ಮಿಲ್ಲಿನ ಹಿಂದಿನ ಬಯಲಿನಲ್ಲಿ ಜಾಲಿಮುಳ್ಳು ಕಡಿಸಿ, ಅಲ್ಲಲ್ಲಿ ಕುಣಿ ತೋಡಿಸಿ, ಒಬ್ಬರೇ ಗಾಲ್ಫ್ ಆಡತೊಡಗಿದರು. ಹುಲ್ಲು ಎಂಬುದು ಆ ಬಯಲಿನಲ್ಲಿ ಹುಡುಕಿದರೂ ಇರಲಿಲ್ಲ. ಸಾಹೇಬರು ಕಣ್ಣು ಅರೆಮುಚ್ಚಿ ಹಸಿರನ್ನು ಕಲ್ಪಿಸಿಕೊಳ್ಳುತ್ತಿದ್ದರು.

ಅದೇ ಹೊತ್ತಿಗೆ ಸಿರುಗುಪ್ಪದಲ್ಲಿ ಮಿಲ್ಲಿನ ಶಾಖೆ ತೆರೆಯುವ ಸುದ್ದಿ ಹುಟ್ಟಿತು. ಅಲ್ಲಿಗೆ ನಾನು ಹೋಗಬೇಕು, ಇಲ್ಲವೇ ಕ್ಯಾಷಿಯರ್ ವೀರೇಶಪ್ಪ ಹೋಗಬೇಕು. ಸಿರುಗುಪ್ಪ ಕೆಟ್ಟ ಊರೇನಲ್ಲ. ಕಾಲುವೆ ನೀರಿದೆ, ಕಣ್ಣು ಹಾಯುವ ತನಕ ಭತ್ತದ ಹಸಿರಿದೆ. ಜೊತೆಗೆ ನನ್ನ ಮಾವನವರೂ ಇದ್ದಾರೆ! ಬೇರೆ ಮನೆ ಮಾಡಲು ಅವರು ಬಿಡುವವರಲ್ಲ. ಕೋಳಿಗಿಂತ ಮೊದಲೇ ಎದ್ದು ಅಳಿಯನ ಹಾಸಿಗೆಯ ಪಕ್ಕ ನಿಂತು ಕೆಮ್ಮುವವರು. ಹಬ್ಬಕ್ಕೆ ಹೋದ ಅಳಿಯನಿಗೆ ಹೋಳಿಗೆ ತುಪ್ಪ. ಬೀಡುಬಿಟ್ಟ ಅಳಿಯನಿಗೆ ಮನೆಗೆಲಸ. ಮನೆ ಅಳಿಯನಾಗಿ ಬಾಳುವುದನ್ನು ನೆನೆದರೇ ನನಗೆ ಆ ಕೆಮ್ಮು ಬಳ್ಳಾರಿಗೂ ಕೇಳಿಸುತ್ತಿತ್ತು.

"ನಮ್ಮಪ್ಪನ ಮನಿ ಏನು ಹುಲಿ ಗವಿ ಏನ್ರೀ?" ಎಂದಳು ನನ್ನ ಹೆಂಡತಿ ಗಿರಿಜಾ.

"ಹುಲಿ ಆದ್ರ ಒಂದೇ ಸಲ ತಿಂತೈತಿ" ಎಂದೆ.

ಆಗ ನನಗೊಂದು ದಿವ್ಯವಾದ ಯೋಚನೆ ಹೊಳೆಯಿತು. ಸಾಹೇಬರಿಗೆ ಆಟಕ್ಕೆ ಜೊತೆಯಿಲ್ಲ. ಜೊತೆಗಾರ ನಾನಾದರೆ, ಯಾವ ಮನುಷ್ಯ ತಾನೇ ತನ್ನ ಜೊತೆಗಾರನನ್ನು ಸಿರುಗುಪ್ಪಕ್ಕೆ ಕಳಿಸುತ್ತಾನೆ? ಮರುದಿನವೇ ಅವರ ಮುಂದೆ ಕೈಕಟ್ಟಿ ನಿಂತು, "ನನಗೂ ಈ ಆಟದಾಗ ಸ್ವಲ್ಪ ಅಭಿರುಚಿ ಐತ್ರಿ ಸರ್" ಎಂದುಬಿಟ್ಟೆ.

ಸಾಹೇಬರ ಮುಖ ಅರಳಿತು. ಒಂದು ಹಳೆಯ ಕೋಲನ್ನೂ ಒಂದು ಚೆಂಡನ್ನೂ ಕೈಗಿತ್ತರು. ಕೋಲಿನ ಹಿಡಿಗೆ ಚರ್ಮ ಸುತ್ತಿತ್ತು. "ನೋಡಿ ಶರಣಪ್ಪ, ಮೂರೇ ಸೂತ್ರ. ಹಿಡಿತ ಮೆತ್ತಗಿರಬೇಕು. ನಿಲುವು ಗಟ್ಟಿಯಾಗಿರಬೇಕು. ಕೋಲನ್ನ ಹಿಂದಕ್ಕೆ ಎತ್ತುವಾಗ ಎಡಗೈ ಬಾಗಬಾರದು, ಅವಸರ ಕೂಡದು. ಅಭ್ಯಾಸ ಮಾಡಿಕೊಂಡು ಮುಂದಿನ ಭಾನುವಾರ ಬನ್ನಿ."

ಅಭ್ಯಾಸವನ್ನು ನಮ್ಮ ಮಾಳಿಗೆಯ ಮೇಲೆ ಶುರುಮಾಡಿದೆ. ಸಂಜೆಯ ಗಾಳಿ. ಎದುರಿಗೆ ಕೋಟೆಯ ಬೆಟ್ಟ ದಿನವಿಡೀ ಕಾದು ಈಗ ತಣ್ಣಗೆ ಕೆಂಪಾಗುತ್ತಿತ್ತು. ಕೋಲು ಹಿಡಿದು ನಿಂತೊಡನೆ ನನಗೆ ಹಗಲುಗನಸು ಬೀಳುತ್ತಿತ್ತು. ನಾನು ಹೊಡೆದ ಚೆಂಡು ಬೆಳ್ಳಗೆ ಮೇಲೇಳುತ್ತದೆ. ಬೆಟ್ಟವನ್ನು ದಾಟುತ್ತದೆ. ಕುರುಗೋಡಿನ ಗುಡಿಯ ಮೇಲೆ ಹಾಯುವಾಗ ಕಲ್ಲಿನ ದೊಡ್ಡ ಬಸವಣ್ಣ ಕತ್ತೆತ್ತಿ ನೋಡುತ್ತಾನೆ. ಆಮೇಲೆ ಸಿರುಗುಪ್ಪ. ಭತ್ತದ ಗದ್ದೆಯಲ್ಲಿ ನಿಂತ ಮಾವನವರು ಹಣೆಗೆ ಕೈಯಿಟ್ಟು, "ಅದು ನಮ್ಮ ಅಳಿಯಂದಿರ ಚೆಂಡು! ಅವರು ಬಳ್ಳಾರಿಯಾಗಽ ಇರಾಕ ಬೇಕು" ಎನ್ನುತ್ತಾರೆ. ಚೆಂಡು ಮೋಡದೊಳಗೆ ಮಾಯವಾಗುತ್ತದೆ. ಆ ಸುಖದಲ್ಲಿ ನಾನು ಎಷ್ಟು ಹೊತ್ತು ತೇಲುತ್ತಿದ್ದೆನೋ ನನಗೇ ತಿಳಿಯುತ್ತಿರಲಿಲ್ಲ.

"ಹಂಗ್ಯಾಕ ಕುತ್ತಿಗಿ ಹಿಚಿಕಿದಂಗ ಹಿಡೀತೀರಿ?" ಎಂಬ ಗಿರಿಜೆಯ ದನಿ ನನ್ನನ್ನು ಮೋಡದಿಂದ ಕೆಳಗಿಳಿಸಿತು. "ಹಂಚಿನ ಮ್ಯಾಲಿಂದ ಬಿಸಿ ರೊಟ್ಟಿ ತಗೀತೀವಲ್ಲ, ಹಂಗ ಹಿಡೀರಿ. ಬೆರಳ ತುದೀಲೆ."

ಹಾಗೆಯೇ ಹಿಡಿದೆ. ಆಹಾ! ಮೊದಲ ಸೂತ್ರ ವಶವಾಯಿತು.

ಎರಡನೆಯದು ನಿಲುವು. ಕಾಲು ಅಗಲಿಸಿ, ಮಂಡಿ ತುಸು ಮಡಚಿ, ಹಿಂಭಾಗವನ್ನು ಹಿಂದಕ್ಕೆ ಚಾಚಿ, ತಲೆ ತಗ್ಗಿಸಿ ನಿಂತೆ. ಅದೇ ಭಂಗಿಯಲ್ಲಿ ಕನಸಿಗೂ ಜಾರಿದೆ. ಪಕ್ಕದ ಮಾಳಿಗೆಯಿಂದ ಸುಬ್ಬಮ್ಮನವರು ನೋಡಿದರಂತೆ. ತೆಲುಗು ಮನೆಮಾತಿನ, ಕರುಳು ಮೆತ್ತನೆಯ ಹೆಂಗಸು. ಸ್ವಲ್ಪ ಹೊತ್ತಿನಲ್ಲೇ ಉಪ್ಪು ಹುರಿದು ಕಟ್ಟಿದ ಬಟ್ಟೆಯ ಗಂಟು ಹಿಡಿದು ಮೆಟ್ಟಿಲೇರಿ ಬಂದು, ನನ್ನ ಸೊಂಟಕ್ಕೆ ಒತ್ತಿಯೇಬಿಟ್ಟರು!

"ಅಯ್ಯಯ್ಯೋ!" ಎಂದು ನಾನು ನೆಗೆದೆ.

"ಅಯ್ಯೋ ಪಾಪಂ, ಎಷ್ಟು ನೋವೈತೋ!" ಎಂದರು ಸುಬ್ಬಮ್ಮ. "ಗಿರಿಜಮ್ಮಾ, ನಿನ್ನ ಗಂಡಂದು ನಡ ಹಿಡಕೊಂಡೈತಿ. ಆಗಿಂದ ಬಗ್ಗಿದೋರು ಏಳಾಕ ಆಗವಲ್ದು. ನೀನು ನಕ್ಕೋತ ಕುಂತೀಯಲ್ಲಾ!"

ಮೂರನೆಯ ಸೂತ್ರಕ್ಕೆ ಮಾಳಿಗೆಯೇ ಸಾಲಲಿಲ್ಲ. ಕೋಲನ್ನು ಹಿಂದಕ್ಕೆತ್ತಿದಾಗ ಹಗ್ಗಕ್ಕೆ ಹಾಕಿದ್ದ ಇಳಕಲ್ ಸೀರೆ ಸಿಕ್ಕಿಕೊಂಡಿತು. ಮುಂದಕ್ಕೆ ಬೀಸಿದಾಗ ಅದನ್ನು ಬೀದಿಯ ಬೇವಿನ ಮರ ಉಟ್ಟಿತು. ಎರಡನೆಯ ಬೀಸು ಒಣಗಲು ಹರಡಿದ್ದ ಕೆಂಪು ಮೆಣಸಿನಕಾಯಿಯ ರಾಶಿಗೆ ಬಿತ್ತು. ಓಣಿಯೇ ಸೀನಿತು.

"ಈ ಮಾಳಿಗಿ ಇಳಿಜಾರು ಐತಿ" ಎಂದೆ ನಾನು, ಕಣ್ಣೊರೆಸಿಕೊಳ್ಳುತ್ತಾ.

"ಕುಣಿಯಾಕ ಬರಲಾರದಕಿ ನೆಲ ಡೊಂಕು ಅಂದ್ಲಂತ!" ಎಂದಳು ಗಿರಿಜಾ, ಸೀನುಗಳ ನಡುವೆ.

ಆದರೂ ನಾನು ಬಿಡಲಿಲ್ಲ. ಶನಿವಾರ ಮಿಲ್ಲಿನ ಕೆಲಸಕ್ಕೆ ಕುರುಗೋಡಿಗೆ ಹೋಗಬೇಕಾಗಿತ್ತು. ಕೋಲನ್ನೂ ಜೊತೆಗೆ ಒಯ್ದೆ. ಬಸವಣ್ಣನ ಮುಂದೆ ಅದನ್ನಿಟ್ಟು ಕೈಮುಗಿದು, ಸಿರುಗುಪ್ಪ ತಪ್ಪಿಸಪ್ಪಾ ಎಂದು ಬೇಡಿದೆ. ಕನಸಿನಲ್ಲಿ ಕತ್ತೆತ್ತಿದ್ದವನು ಆ ದಿನ ಎತ್ತಲಿಲ್ಲ. ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಒಬ್ಬ ರೈತ ಕೋಲಿನ ಹಿಡಿಯನ್ನು ಮುಟ್ಟಿ ನೋಡಿ ಲೊಚಗುಟ್ಟಿದ.

"ಏನ್ ಸಾಮಾನ್ರೀ ಇದು? ಚರ್ಮ ಒಣಗಿ ಸೀಳಾಕ ಹತ್ತೈತಿ. ನಾವು ಬಾರುಕೋಲಿಗೆ, ಕೆರಕ್ಕ ಹರಳೆಣ್ಣಿ ಕುಡಸ್ತೀವಿ. ಬೆಣ್ಣಿ ಆಗ್ತೈತಿ ನೋಡ್ರಿ."

ಹೌದಲ್ಲ! ನಾನೂ ನನ್ನ ಚಪ್ಪಲಿಗೆ ಅದನ್ನೇ ಹಚ್ಚುವವನು. ಪರರ ವಸ್ತುವನ್ನು ಒಣಗಿಸಿ ಹಿಂದಿರುಗಿಸಿದರೆ ಸಾಹೇಬರು ಏನೆಂದುಕೊಂಡಾರು? ಭಾನುವಾರ ಬೆಳಿಗ್ಗೆ ಮಡಿಯಾಗಿ ಕೂತು, ಬಟ್ಟಲು ತುಂಬ ಹರಳೆಣ್ಣೆ ತೆಗೆದುಕೊಂಡು, ಕೂಸಿಗೆ ಎಣ್ಣೆ ತಿಕ್ಕುವ ಹಾಗೆ ಆ ಹಿಡಿಗೆ ತಿಕ್ಕಿದೆ. ಚರ್ಮ ಕುಡಿದೇ ಕುಡಿಯಿತು. ಗಿರಿಜಾ ಕೋಲಿನ ತಲೆಗೆ ಮೂರು ಬೆರಳು ವಿಭೂತಿ ಎಳೆದು ಕಳಿಸಿದಳು.

ಬಯಲಿನಲ್ಲಿ ಸಾಹೇಬರು ಟೋಪಿ ಹಾಕಿಕೊಂಡು ಕಾಯುತ್ತಿದ್ದರು. ಪಕ್ಕದಲ್ಲಿ ಕೊಡೆ ಹಿಡಿದ ವೀರೇಶಪ್ಪ! ಅವನಿಗೂ ಇದೇ ಯೋಚನೆ ಹೊಳೆದಿತ್ತೇನೋ. ಆದರೆ ಅವನ ಕೈಯಲ್ಲಿ ಬರೀ ಕೊಡೆ, ನನ್ನ ಕೈಯಲ್ಲಿ ಕೋಲು. ನನಗೆ ಅವನ ಮೇಲೆ ಮರುಕವೇ ಬಂತು. ಸಿರುಗುಪ್ಪದ ಸೊಳ್ಳೆಗಳಿಗೆ ಇವನ ಮೈ ಸಾಕಾದೀತು ಎಂದುಕೊಂಡೆ.

ಚೆಂಡು ಇಟ್ಟೆ. ಬಿಸಿ ರೊಟ್ಟಿ ಹಿಡಿದಂತೆ ಹಿಡಿದೆ. ಸೊಂಟ ಸುಟ್ಟ ನೆನಪಿನೊಂದಿಗೆ ಬಾಗಿ ನಿಂತೆ.

"ಭಲೇ!" ಎಂದರು ಸಾಹೇಬರು. "ಏನು ನಿಲುವು ರೀ!"

ಎಡಗೈ ನೆಟ್ಟಗಿಟ್ಟು ಕೋಲನ್ನು ನಿಧಾನವಾಗಿ ಹಿಂದಕ್ಕೆತ್ತಿದೆ. ಕೋಲು ನೆತ್ತಿಯ ಮೇಲೆ ಬಂದಾಗ ಲೋಕವೆಲ್ಲ ನಿಂತುಹೋಯಿತು. ಬಯಲು ಹಸಿರಾಯಿತು. ಅರಳೆಯಂಥ ಒಂದು ಮೋಡ ನನಗಾಗಿಯೇ ಕಾಯುತ್ತಿತ್ತು. ನಾನು ಬೀಸಿದೆ.

ಕೈ ಹಗುರಾಯಿತು. ಎಂಥ ಹಗುರ! ತಲೆಯೆತ್ತಿದರೆ, ಕನಸಿನಲ್ಲಿ ಕಂಡಂತೆಯೇ ಏನೋ ಬಿಸಿಲಿಗೆ ಥಳಥಳ ಹೊಳೆಯುತ್ತಾ, ಗಿರಗಿರ ತಿರುಗುತ್ತಾ, ಜಾಲಿಗಿಡಗಳನ್ನು ದಾಟಿ, ಗೋಡೆ ದಾಟಿ ಹೋಗುತ್ತಿತ್ತು. "ನೋಡ್ರಿ ಸರ್, ಎಷ್ಟು ದೂರ!" ಎಂದು ನಾನು ಕೂಗಿದೆ. ಆನಂದಕ್ಕೆ ನನ್ನ ಕಣ್ಣು ತುಂಬಿತು.

ಸಾಹೇಬರು ನನ್ನ ಕಾಲಬುಡಕ್ಕೆ ಬೆರಳು ತೋರಿಸಿದರು. ಚೆಂಡು ಅಲ್ಲೇ ಕೂತಿತ್ತು.

ಅಷ್ಟರಲ್ಲಿ ಮಿಲ್ಲಿನ ತಗಡಿನ ಮಾಡಿನ ಮೇಲೆ ಸಿಡಿಲೆರಗಿದಂಥ ಸದ್ದಾಯಿತು. ಜಿನ್ನಿಂಗ್ ಮಿಲ್ಲಿನಲ್ಲಿ ದೇವರಿಗಿಂತ ಹೆಚ್ಚು ಹೆದರುವುದು ಬೆಂಕಿಗೆ. ಬಾಗಿಲಲ್ಲಿ ತೂಕಡಿಸುತ್ತಿದ್ದ ಕಾವಲುಗಾರ ಬೆಚ್ಚಿ ಎದ್ದು ನೋಡಿದ. ಮಾಡಿನಿಂದ ಧೂಳು ಹೊಗೆಯಾಡುತ್ತಿದೆ! ಬೆಂಕಿಯ ಗಂಟೆ ಹೊಡೆದೇಬಿಟ್ಟ. ಮಿಲ್ಲಿನ ಮನೆಗಳಿಂದ ಜನ ಬಕೀಟು, ಕೊಡ ಹಿಡಿದು ಓಡಿ ಬಂದರು. ಬೆಂಕಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಸೋಮವಾರ ಮುಂಬಯಿಯ ವ್ಯಾಪಾರಿಗಳು ನೋಡಬೇಕಾಗಿದ್ದ ಅರಳೆಯ ರಾಶಿಯ ಮೇಲೆ ನೀರು ಸುರಿದರು. ನಾವು ಏದುಸಿರು ಬಿಡುತ್ತಾ ಓಡಿ ತಲುಪುವಷ್ಟರಲ್ಲಿ, ನನ್ನ ಬಿಳಿ ಮೋಡ ನೆಲದ ಮೇಲೆ ಒದ್ದೆ ಮುದ್ದೆಯಾಗಿ ಬಿದ್ದಿತ್ತು.

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಅಂಗೈ ಹಿಡಿದು ಮೂಗಿನ ಹತ್ತಿರ ತಂದರು.

"ಏನ್ರೀ ಇದು?"

"ಹರಳೆಣ್ಣಿ ಸರ್. ಚರ್ಮಕ್ಕ ಚಲೋರಿ."

ಅವರು ತಮ್ಮ ಬೆರಳಿಗೆ ಅಂಟಿದ ಎಣ್ಣೆಯನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು. "ಹಿಡಿತ ಸರಿಯಿತ್ತು. ನಿಲುವು ಸರಿಯಿತ್ತು. ಎತ್ತಿದ್ದೂ ಸರಿಯಿತ್ತು. ಕೈಯಲ್ಲಿ ಕೋಲು ಒಂದು ಇರಲಿಲ್ಲ ಶರಣಪ್ಪ."

ವೀರೇಶಪ್ಪ ಕೊಡೆಯ ಹಿಂದೆ ಮುಖ ಮರೆಸಿಕೊಂಡ. ಕೊಡೆ ನಡುಗುತ್ತಿತ್ತು.

ವರ್ಗದ ಆದೇಶ ಬಂದ ದಿನ ಅದನ್ನು ಗಿರಿಜೆಗೆ ಹೇಗೆ ಹೇಳುವುದೆಂದು ಯೋಚಿಸುತ್ತಾ ಮನೆಗೆ ಬಂದೆ. ಪಾತ್ರೆಗಳೆಲ್ಲ ಆಗಲೇ ಗೋಣಿಚೀಲ ಸೇರಿದ್ದವು. ಅವಳು ತವರಿನ ಹಾಡು ಗುನುಗುತ್ತಾ ಹಗ್ಗ ಬಿಗಿಯುತ್ತಿದ್ದಳು. "ಭಾನುವಾರ ನೀವು ಮನಿಗೆ ಬಂದ ಮಾರಿ ನೋಡಿದಾಗಽ ಗೊತ್ತಾತು ಬಿಡ್ರಿ" ಎಂದಳು. ಸಾಹೇಬರು ಬೀಳ್ಕೊಡುಗೆಯಾಗಿ ಆ ಕೋಲನ್ನೇ ನನಗೆ ಕೊಟ್ಟರು. ತಗಡಿನ ಮೇಲೆ ಬಿದ್ದು ಅದರ ಕತ್ತು ಸೊಟ್ಟಗಾಗಿತ್ತು.

ಸಿರುಗುಪ್ಪದ ಮಾವನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಭಾರಿ ಸಾಮಾನು ತಂದೀರಿ ಅಳಿಯಂದಿರೇ! ಕೊಕ್ಕಿ ಬಾಳ ಚಲೋ ಐತಿ" ಎಂದು ಮೆಚ್ಚಿದರು. ಅಂದಿನಿಂದ ಭಾನುವಾರ ಬಂತೆಂದರೆ ನಾನು ಹಿತ್ತಲ ಗೋಡೆಯ ಮೇಲೆ ನಿಲ್ಲುತ್ತೇನೆ. ಕಾಲು ಅಗಲಿಸಿ, ಮಂಡಿ ತುಸು ಮಡಚಿ, ಎಡಗೈ ಬಾಗಿಸದೆ, ಅವಸರವಿಲ್ಲದೆ ಕೋಲನ್ನು ಮೇಲೆತ್ತುತ್ತೇನೆ. ಗದ್ದೆಗಳ ಆಚೆ, ಬಳ್ಳಾರಿಯ ದಿಕ್ಕಿನಲ್ಲಿ, ಒಂದು ಬಿಳಿ ಮೋಡ ತೇಲುತ್ತಿರುತ್ತದೆ. ಅದನ್ನು ನೋಡುತ್ತಾ ನಾನೂ ತೇಲುತ್ತೇನೆ.

"ಅಳಿಯಂದಿರೇ, ಮ್ಯಾಲ ಏನು ನೋಡ್ತೀರಿ? ಕೋಲು ಗಟ್ಟಿ ಹಿಡ್ಕೊಳ್ರಿ!" ಎಂದು ಮಾವನವರು ಕೆಳಗಿನಿಂದ ಕೂಗುತ್ತಾರೆ. "ಸಾರಿಗೆ ಇನ್ನೂ ನಾಕು ನುಗ್ಗಿಕಾಯಿ ಬೇಕು!"